ಬಿಡುಗಡೆಯ ಮರುದಿನ

ಆಷಾಢದ ಮಳೆಗೆ ನಮ್ಮ ಅಡಿಗೆಮನೆಯ ಹಿತ್ತಲ ಬಾಗಿಲು ಉಬ್ಬಿ, ಚೌಕಟ್ಟಿನೊಳಕ್ಕೆ ಕೂಡದೆ ನಿಂತುಬಿಟ್ಟಿತು. ಕದವನ್ನು ಹಗ್ಗದಿಂದ ಕಟ್ಟಿ ರಾತ್ರಿ ಕಳೆಯುವ ಪ್ರಸಂಗವು ಎಷ್ಟು ಮನೆಗಳಲ್ಲಿ ಒದಗುವುದೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಮರದ ಅಂಗಡಿಯವರಲ್ಲಿ ವಿಚಾರಿಸಲು, ಅವರು ಮರುದಿನ ಬೆಳಗ್ಗೆ ಒಬ್ಬ ಬಡಗಿಯನ್ನು ಕಳುಹಿಸಿಕೊಟ್ಟರು. ವಯಸ್ಸು ನಲವತ್ತರ ಆಸುಪಾಸು, ಮಾತು ಕಡಮೆ. ಕದವನ್ನು ಎರಡು ಸಲ ತೆರೆದು ಮುಚ್ಚಿ, ಅಂಚನ್ನು ಬೆರಳಿನಿಂದ ಸವರಿ ನೋಡಿ, "ಸ್ವಾಮಿ, ಕೆಳಗಿನ ಪಟ್ಟಿ ಕೊಳೆತಿದೆ. ಬರಿಯ ಹೆರೆದರೆ ಸಾಲದು, ಪಟ್ಟಿಯನ್ನೇ ಬದಲಾಯಿಸಬೇಕು" ಎಂದನು. ಹೇಳಿದ ಕೂಲಿಯೂ ನ್ಯಾಯವಾಗಿಯೇ ಇದ್ದಿತು. ಕೆಲಸ ಗೊತ್ತಾಯಿತೆಂದು ನಾನು ಒಳಕ್ಕೆ ತಿರುಗುವಷ್ಟರಲ್ಲಿ ಆತನು ಮತ್ತೆ ಮಾತನಾಡಿದನು.

"ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ ಸ್ವಾಮಿ. ನಾನು ಏಳು ವರ್ಷ ಸೆರೆಮನೆಯಲ್ಲಿದ್ದು ಬಂದವನು. ಈ ಕೆಲಸ ಕಲಿತದ್ದೂ ಅಲ್ಲಿಯೇ. ನಾಳೆ ಬೇರೆ ಯಾರಿಂದಲೋ ತಿಳಿದು ನೀವು ಬೇಸರಪಡಬಾರದು ನೋಡಿ."

ನಾನು ಏನು ಹೇಳಿದೆನೆಂಬುದನ್ನು ಬರೆಯಲು ಸಂಕೋಚವಾಗುವುದಾದರೂ ಬರೆಯದೆ ಉಪಾಯವಿಲ್ಲ. "ಮನೆಯಲ್ಲಿ ವಿಚಾರಿಸಿ ಹೇಳಿಕಳುಹಿಸುತ್ತೇನೆ" ಎಂದೆನು. ಆ ಮಾತನ್ನು ಆತನು ಅನೇಕ ಬಾಗಿಲುಗಳಲ್ಲಿ ಕೇಳಿದ್ದವನೇ ಇರಬೇಕು. ಚೀಲವನ್ನು ಹೆಗಲಿಗೇರಿಸಿ, ಕೈಮುಗಿದು ಹೊರಟುಹೋದನು. ಒಳಗಿನಿಂದ ಮನೆಯವರು, "ಏನೂಂದ್ರೆ, ಯಾಕೆ ಹೊರಟುಹೋದರು ಅವರು? ಕಾಫಿ ಬೆರೆಸಿದ್ದೆನಲ್ಲ" ಎಂದು ಲೋಟ ಹಿಡಿದು ಬಂದರು. ನಡೆದುದನ್ನು ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಳ್ಳು ಹೇಳಿದ್ದರೆ ಕೆಲಸ ಕೊಡುತ್ತಿದ್ದಿರಿ, ಅಲ್ಲವೆ?" ಎಂದರು.

ಮಳೆಗಾಲದಲ್ಲಿ ದವಸಧಾನ್ಯಗಳನ್ನು ಕಾಪಾಡುವ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೆನು. ಅದು ಮುಂದಿನ ತಿಂಗಳಿಗಿರಲಿ. ಮನೆಯವರ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುವೆನು.

ಸೆರೆಮನೆಯು ಕೈಕಸುಬನ್ನು ಕಲಿಸುವುದು ಹೊಸ ವಿಷಯವೇನೂ ಅಲ್ಲ. ನಮ್ಮ ನಡುಮನೆಯಲ್ಲಿರುವ ಜಮಖಾನವು ತಂದೆಯವರ ಕಾಲದಲ್ಲಿ ಸೆರೆಮನೆಯ ಮಾರಾಟದ ಅಂಗಡಿಯಿಂದ ತಂದದ್ದು. ಮೂರು ಮದುವೆ, ಎರಡು ಗೃಹಪ್ರವೇಶಗಳನ್ನು ಕಂಡಿದ್ದರೂ ಅದರ ಒಂದು ಎಳೆಯೂ ಬಿಟ್ಟಿಲ್ಲ. ಬಂದ ನೆಂಟರಿಗೆಲ್ಲ "ಇದು ಜೈಲಿನ ಜಮಖಾನ, ಗಟ್ಟಿ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವೆವು. ನೆಯ್ದವನು ಬಾಗಿಲಿಗೆ ಬಂದು ನಿಂತರೆ ಮಾತ್ರ ಹೇಳಿಕಳುಹಿಸುವೆವು.

1919-20ರಲ್ಲಿ ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅವರ ಅಧ್ಯಕ್ಷತೆಯಲ್ಲಿ ನಡೆದ ಕಾರಾಗೃಹ ಸಮಿತಿಯು, ಸೆರೆಮನೆಯ ಉದ್ದೇಶವು ಶಿಕ್ಷೆಯೊಂದೇ ಅಲ್ಲ, ಸುಧಾರಣೆಯೂ ಹೌದೆಂಬ ತತ್ತ್ವವನ್ನು ಈ ದೇಶದಲ್ಲಿ ಸ್ಪಷ್ಟವಾಗಿ ಎತ್ತಿ ಹಿಡಿಯಿತು. ಆ ಕಾಲದಲ್ಲಿಯೇ ಹಲವು ಪ್ರಾಂತಗಳಲ್ಲಿ ಬಿಡುಗಡೆಯಾದ ಬಂದಿಗಳ ಸಹಾಯಕ್ಕೆಂದು ಸಂಘಗಳೂ ಇದ್ದುವು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿಯು 1983ರಲ್ಲಿ ಒಪ್ಪಿಸಿದ ವರದಿಯೂ, ಕೇಂದ್ರ ಗೃಹಖಾತೆಯು 2016ರಲ್ಲಿ ಹೊರಡಿಸಿದ ಮಾದರಿ ಕೈಪಿಡಿಯೂ ಬಿಡುಗಡೆಯ ನಂತರದ ಪೋಷಣೆಯ ವಿಷಯವನ್ನು ವಿವರವಾಗಿಯೇ ಹೇಳಿವೆ. ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಬ್ರೆಡ್ಡು, ಬಿಸ್ಕತ್ತು, ಮರದ ಸಾಮಾನುಗಳು ತಯಾರಾಗಿ 'ಟಿಜೆಸ್' ಎಂಬ ಹೆಸರಿನಲ್ಲಿ ಮಾರಾಟವಾಗುವುವು. 2011ರಲ್ಲಿ ಕಂಪೆನಿಗಳವರನ್ನು ಸೆರೆಮನೆಯ ಒಳಕ್ಕೇ ಕರೆಯಿಸಿ, ಬಿಡುಗಡೆಯ ದಿನ ಹತ್ತಿರವಿದ್ದವರನ್ನು ಕೆಲಸಕ್ಕೆ ಆರಿಸಿಕೊಳ್ಳುವ ಏರ್ಪಾಡೂ ಅಲ್ಲಿ ಆರಂಭವಾಯಿತು. ಕಠಿಣ ಶಿಕ್ಷೆಗೊಳಗಾಗಿ ದುಡಿಯುವವರಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿ ತೀರ್ಮಾನಿಸಿತು. ಆ ಕೂಲಿಯ ಒಂದು ಭಾಗವು ಅಪರಾಧದಿಂದ ನೊಂದವರ ಪರಿಹಾರಕ್ಕೆ ಹೋಗಬೇಕೆಂದೂ ಅದೇ ತೀರ್ಪು ಹೇಳಿರುವುದನ್ನು ಮರೆಯಬಾರದು. ನೊಂದವರ ಮನೆಯೂ ಒಂದು ಮನೆಯೇ. ಅವರನ್ನು ಬದಿಗೊತ್ತಿ ಈ ವಿಷಯವನ್ನು ಮಾತನಾಡುವುದು ಸರಿಯಲ್ಲ.

ಹೀಗೆ ಒಳಗಿನ ಏರ್ಪಾಡು ಅಷ್ಟಿಷ್ಟಾದರೂ ಇದೆ. ಆದರೆ ಅದು ತಲುಪುವುದು ಕೆಲವರನ್ನು ಮಾತ್ರ. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧವು ಇನ್ನೂ ಸಿದ್ಧವಾಗಿಯೇ ಇರಲಿಲ್ಲ. ವಿಚಾರಣಾಧೀನನು ಕೆಲಸ ಮಾಡಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಅವನ ಪಾಲಿಗೆ ಸಾಮಾನ್ಯವಾಗಿ ಕಸುಬೂ ಇಲ್ಲ, ಕೂಲಿಯೂ ಇಲ್ಲ. ಎರಡು ವರ್ಷವೋ ಮೂರು ವರ್ಷವೋ ಗೋಡೆ ನೋಡಿಕೊಂಡು ಕುಳಿತಿದ್ದು, ಒಂದು ಸಂಜೆ ನಿರ್ದೋಷಿಯೆಂದು ಹೊರಬಿದ್ದರೂ ಬೀದಿಯವರ ಕಣ್ಣಿಗೆ ಅವನು "ಒಳಗಿದ್ದು ಬಂದವನೇ". ತಪ್ಪು ಮಾಡಿ ಶಿಕ್ಷೆ ಅನುಭವಿಸಿದವನು ಬಡಗಿಯಾಗಿ ಹೊರಬರುವನು. ತಪ್ಪನ್ನೇ ಮಾಡದವನು ಬರಿಗೈಯಲ್ಲಿ ಬರುವನು.

ಆ ಸಂಜೆಯನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಿರಿ. ಹೊರಗೆ ಬಂದವನ ಕೈಯಲ್ಲಿ ಒಂದು ಬಟ್ಟೆಯ ಗಂಟು, ಬಿಡುಗಡೆಯ ಕಾಗದ, ಊರಿಗೆ ಹೋಗಲು ಬಸ್ಸಿನ ಹಣ. ಹಳೆಯ ಮೊಬೈಲಿನ ಸಂಖ್ಯೆಯು ಬೇರೊಬ್ಬರ ಪಾಲಾಗಿದೆ. ಆಧಾರ್ ಚೀಟಿ ಎಲ್ಲಿಯೋ ಕಳೆದುಹೋಗಿದೆ. ಅದಿಲ್ಲದೆ ಬ್ಯಾಂಕಿನ ಕೆಲಸವಾಗದು. ಬಾಡಿಗೆಗೆ ಕೋಣೆ ಕೇಳಿದರೆ ಮನೆಯೊಡೆಯರು ಪೊಲೀಸ್ ಠಾಣೆಯ ಪತ್ರ ಕೇಳುವರು. ಹೆಂಡತಿಯು ತೌರಿಗೆ ಹೋಗಿರುವಳು, ಅಥವಾ ಇವನಿಲ್ಲದೆ ಸಂಸಾರ ನಡೆಸುವುದನ್ನು ಕಲಿತಿರುವಳು. ಮಕ್ಕಳು ಗುರುತು ಹಿಡಿಯಲು ಎರಡು ದಿನ ಬೇಕು. ಇಷ್ಟರ ನಡುವೆ ಅವನನ್ನು ತಡವಿಲ್ಲದೆ ಗುರುತಿಸಿ, ಹೆಗಲಮೇಲೆ ಕೈಹಾಕಿ, ಊಟ ಹಾಕಿಸಿ, ಜೇಬಿಗೆ ಹಣವಿಡುವವರೆಂದರೆ ಹಳೆಯ ಜೊತೆಗಾರರು. ಅವರು ಪೊಲೀಸಿನ ಪತ್ರವನ್ನು ಕೇಳುವುದಿಲ್ಲ.

ಹೆಂಗಸಿನ ಗತಿ ಇನ್ನೂ ಕಠಿನ. ಗಂಡಸು ಸೆರೆಮನೆಗೆ ಹೋದರೆ ತಾಯಿಯೋ ಹೆಂಡತಿಯೋ ವಾರಕ್ಕೊಮ್ಮೆ ಡಬ್ಬಿ ಹಿಡಿದು ಭೇಟಿಗೆ ಹೋಗುವುದುಂಟು. ಹೆಂಗಸು ಹೋದರೆ ತೌರು, ಅತ್ತೆಮನೆ ಎರಡರ ಬಾಗಿಲೂ ಒಟ್ಟಿಗೆ ಮುಚ್ಚುವುದೇ ಹೆಚ್ಚು. ಬಿಡುಗಡೆಯಾದ ರಾತ್ರಿ ಎಲ್ಲಿ ಮಲಗಬೇಕೆಂಬುದೇ ಆಕೆಯ ಮೊದಲ ಪ್ರಶ್ನೆ. ಕೆಲಸದ ಮಾತು ಆಮೇಲೆ.

ಈ ಮೊದಲ ದಿನಗಳಿಗೆ ಎಷ್ಟು ಬೆಲೆಯಿದೆಯೆಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸೆರೆಮನೆಗೆ ಹೋಗಿ ಬಂದವರ ಸಂಖ್ಯೆಯೂ ದೊಡ್ಡದು, ಎಲ್ಲವನ್ನೂ ಲೆಕ್ಕಕ್ಕಿಳಿಸಿ ನೋಡುವ ಹವ್ಯಾಸವೂ ದೊಡ್ಡದು. ಆದುದರಿಂದ ಕೆಲವು ಹೊತ್ತು ನಾವು ಅಲ್ಲಿಗೆ ಹೋಗಿಬರುವುದು ಅನಿವಾರ್ಯ.

ಮೊದಲು ನನ್ನಂಥ ಗೃಹಸ್ಥರ ತೂಕವನ್ನೇ ನೋಡೋಣ. 2001ರಲ್ಲಿ ಡೀವಾ ಪೇಜರ್ ಎಂಬ ವಿದ್ಯಾರ್ಥಿನಿಯು ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ನಗರದಲ್ಲಿ ಒಂದು ಪರೀಕ್ಷೆ ನಡೆಸಿದಳು. ಇಬ್ಬರು ಬಿಳಿಯ ತರುಣರು, ಇಬ್ಬರು ಕರಿಯ ತರುಣರು. ಎಲ್ಲರದೂ ಒಂದೇ ಬಗೆಯ ವಿದ್ಯೆ, ಒಂದೇ ಬಗೆಯ ಅನುಭವವೆಂದು ಅರ್ಜಿ ಸಿದ್ಧವಾಯಿತು. ಪ್ರತಿ ಜೋಡಿಯಲ್ಲಿಯೂ ಒಬ್ಬನು ತಾನು ಸೆರೆಮನೆಯಲ್ಲಿದ್ದು ಬಂದವನೆಂದು ಹೇಳಬೇಕು. ಆ ಪಾತ್ರವನ್ನು ಇಬ್ಬರೂ ಸರದಿಯಮೇಲೆ ವಹಿಸಬೇಕು. ಹೀಗೆ ಅವರು 350 ಉದ್ಯೋಗದಾತರ ಬಾಗಿಲಿಗೆ ಹೋದರು. ಸೆರೆಮನೆಯ ಮಾತೆತ್ತದ ಬಿಳಿಯನಿಗೆ ನೂರಕ್ಕೆ 34 ಕಡೆಗಳಿಂದ ಮತ್ತೆ ಕರೆ ಬಂದಿತು. ಮಾತೆತ್ತಿದ ಬಿಳಿಯನಿಗೆ 17 ಕಡೆಗಳಿಂದ. ಕರಿಯರಲ್ಲಿ ಈ ಲೆಕ್ಕವು 14 ಮತ್ತು 5. ಸೆರೆಮನೆಗೆ ಹೋಗಿಬಂದೆನೆಂದ ಬಿಳಿಯನಿಗಿದ್ದಷ್ಟು ಅವಕಾಶವು ಯಾವ ಕಳಂಕವೂ ಇಲ್ಲದ ಕರಿಯನಿಗಿರಲಿಲ್ಲ. ಇಲ್ಲಿ 'ಬಣ್ಣ' ಎಂಬ ಶಬ್ದದ ಜಾಗದಲ್ಲಿ ಬೇರೆ ಯಾವ ಶಬ್ದವನ್ನಿಟ್ಟು ಓದಬೇಕೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನ್ಯೂಯಾರ್ಕಿನ ಸಂಗತಿ. 'ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್' ಎಂಬುದು ಅಲ್ಲಿಯ ಒಂದು ಸೇವಾಸಂಸ್ಥೆ. 1970ರ ದಶಕದಲ್ಲಿ ವೀರಾ ಇನ್ಸ್ಟಿಟ್ಯೂಟಿನ ಒಂದು ಪ್ರಯೋಗವಾಗಿ ಹುಟ್ಟಿ, 1996ರಿಂದ ಸ್ವತಂತ್ರವಾಗಿ ನಡೆದುಕೊಂಡು ಬಂದಿದೆ. ಅವರ ಕ್ರಮವು ಬಹು ಸರಳ. ಸೆರೆಮನೆಯಿಂದ ಬಂದವನಿಗೆ ಕೆಲವೇ ದಿನಗಳ ಪಾಠ: ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬರುವುದು, ಕೆಲಸ ಕೇಳಲು ಹೋದಾಗ ತನ್ನ ಹಿಂದಿನದನ್ನು ಮುಚ್ಚಿಡದೆ ಹೇಳುವುದು, ಇತ್ಯಾದಿ. ಆಮೇಲೆ ಕೂಡಲೆ ಒಂದು ಸಣ್ಣ ತಂಡಕ್ಕೆ ಸೇರಿಸಿ, ಮೇಸ್ತ್ರಿಯೊಬ್ಬನ ಕೆಳಗೆ ಸರಕಾರಿ ಕಟ್ಟಡಗಳನ್ನು ಗುಡಿಸುವುದು, ಸಣ್ಣಪುಟ್ಟ ದುರಸ್ತಿ, ಇಂಥ ಕೆಲಸಕ್ಕೆ ಹಚ್ಚುವರು. ವಾರದಲ್ಲಿ ನಾಲ್ಕು ದಿನ ಕೆಲಸ. ಐದನೆಯ ದಿನ ಕಾಯಂ ಕೆಲಸ ಹುಡುಕಿಕೊಡುವ ಸಲಹೆಗಾರರ ಭೇಟಿ. ಆ ದಿನದ ಕೂಲಿಯನ್ನು ಆ ದಿನವೇ ಕೊಡುವುದು ಅವರು ಮೊದಲಿನಿಂದ ಪಾಲಿಸಿದ ಪದ್ಧತಿ.

ಇದರ ಫಲವೇನೆಂದು ತಿಳಿಯಲು 2004-05ರಲ್ಲಿ 977 ಜನರನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಈ ಕೂಲಿಕೆಲಸವನ್ನು ಕೊಟ್ಟು, ಇನ್ನೊಂದಕ್ಕೆ ಸಾಮಾನ್ಯ ಸಲಹೆಯನ್ನಷ್ಟೇ ಕೊಟ್ಟು, ಮೂರು ವರ್ಷ ಗಮನಿಸಿದರು. ನಾನು ಈ ವೃತ್ತಾಂತವನ್ನು ಎರಡು ಸಲ ಓದಿದೆನು. ಏಕೆಂದರೆ ಫಲವು ನಾನು ಎಣಿಸಿದಂತೆ ಇರಲಿಲ್ಲ. ಕೆಲಸ ಪಡೆದ ಪಂಗಡದವರು ಮೊದಲ ಕೆಲವು ತಿಂಗಳು ಮುಂದಿದ್ದರು. ಒಂದು ವರ್ಷವಾಗುವಷ್ಟರಲ್ಲಿ ಸಂಪಾದನೆಯ ವಿಷಯದಲ್ಲಿ ಎರಡು ಪಂಗಡಗಳೂ ಹೆಚ್ಚುಕಡಮೆ ಸಮವಾದುವು. ಇಷ್ಟೇ ಆಗಿದ್ದರೆ ಶ್ರಮವೆಲ್ಲ ವ್ಯರ್ಥವೆನ್ನಬಹುದಾಗಿತ್ತು. ಆದರೆ ಮತ್ತೆ ಅಪರಾಧಕ್ಕಿಳಿದು ಹಿಂದಿರುಗಿದವರ ಸಂಖ್ಯೆಯು ಮೂರು ವರ್ಷಗಳ ಉದ್ದಕ್ಕೂ ಕೆಲಸ ಪಡೆದವರಲ್ಲಿ ಕಡಮೆಯಿದ್ದಿತು. ಅದರಲ್ಲಿಯೂ, ಬಿಡುಗಡೆಯಾದ ಮೂರು ತಿಂಗಳೊಳಗೆ ಆ ಸಂಸ್ಥೆಯ ಬಾಗಿಲಿಗೆ ಬಂದವರಲ್ಲಿ ಈ ಅಂತರವು ಎದ್ದುಕಂಡಿತು. ತಡವಾಗಿ ಬಂದವರಲ್ಲಿ ಅಷ್ಟಾಗಿ ಕಾಣಲಿಲ್ಲ.

ಇದರಿಂದ ನನಗೆ ತೋರುವುದಿಷ್ಟು. ಅಲ್ಲಿ ಕಲಿಸಿದ ವಿದ್ಯೆ ಅಲ್ಪ. ಕಸ ಗುಡಿಸಲು ಯಾರೂ ಹೊಸದಾಗಿ ಕಲಿಯಬೇಕಾಗಿಲ್ಲ. ಗುಣ ಕೊಟ್ಟದ್ದು ಕಸುಬಲ್ಲ. ಬಿಡುಗಡೆಯ ಮರುದಿನ ಬೆಳಗ್ಗೆ ಏಳು ಗಂಟೆಗೆ ಹೋಗಲು ಒಂದು ಸ್ಥಳ, ಸಂಜೆ ಕೈಗೆ ಬರುವ ನ್ಯಾಯವಾದ ಕಾಸು, ಆರು ವಾರಗಳ ತರುವಾಯ "ಈತನು ಒಂದು ದಿನವೂ ತಪ್ಪಿಸಿಲ್ಲ" ಎಂದು ಹೇಳಬಲ್ಲ ಒಬ್ಬ ಮೇಸ್ತ್ರಿ. ಹಳೆಯ ಜೊತೆಗಾರರು ಬರುವ ಮೊದಲು ಈ ಮೂರೂ ಬಂದಿದ್ದರೆ ಒಳ್ಳೆಯದು. ನಾವು "ತರಬೇತಿ, ತರಬೇತಿ" ಎಂದು ಹೇಳುವುದು ಸುಲಭ. ತರಬೇತಿಗೆ ಹಣ ಕೊಡುವುದು ದಾನ, ಕೆಲಸ ಕೊಡುವುದು ನಂಬಿಕೆ, ಮತ್ತು ದಾನಕ್ಕಿಂತ ನಂಬಿಕೆ ದುಬಾರಿಯೆಂದು ನಾನು ನನ್ನ ಹಿತ್ತಲ ಬಾಗಿಲಿನಲ್ಲಿಯೇ ಕಂಡುಕೊಂಡೆನು.

ಹೆಚ್ಚು ಕಾಲ ಇರಿಸಿಕೊಳ್ಳುವ ಸಂಸ್ಥೆಗಳೂ ಆ ದೇಶದಲ್ಲಿವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1971ರಲ್ಲಿ ಆರಂಭವಾದ ಡಿಲಾನ್ಸಿ ಸ್ಟ್ರೀಟ್ ಎಂಬಲ್ಲಿ ಬಂದವನು ಎರಡು ವರ್ಷವಾದರೂ ಇರಬೇಕು. ಮೂರು ಕಸುಬುಗಳನ್ನು ಕಲಿಯಬೇಕು. ಲಾಸ್ ಏಂಜಲೀಸಿನಲ್ಲಿ ಫಾದರ್ ಗ್ರೆಗರಿ ಬಾಯ್ಲ್ ಎಂಬ ಪಾದ್ರಿಗಳು 1988ರಲ್ಲಿ ಹೂಡಿದ ಪ್ರಯತ್ನವು ಈಗ 'ಹೋಮ್‌ಬಾಯ್ ಇಂಡಸ್ಟ್ರೀಸ್' ಎಂದು ಪ್ರಸಿದ್ಧವಾಗಿದೆ. ಬೀದಿಯ ಗುಂಪುಗಳಿಗೆ ಸೇರಿ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದ ಹುಡುಗರನ್ನು ಅವರು 1992ರಲ್ಲಿ ತೆರೆದ ಬ್ರೆಡ್ಡಿನ ಭಟ್ಟಿಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲಿಸಿ ಹಿಟ್ಟು ನಾದಿಸಿದರು. ಹದಿನೆಂಟು ತಿಂಗಳು ಸಂಬಳದೊಡನೆ ಅಲ್ಲಿ ಇರಿಸಿಕೊಳ್ಳುವರು. ಅಲ್ಲಿಯ ಒಂದು ಸೇವೆಯು ನನ್ನ ಮನಸ್ಸಿಗೆ ನಾಟಿತು: ಮುಖ, ಕತ್ತು, ಕೈಗಳಮೇಲೆ ಗುಂಪಿನ ಗುರುತೆಂದು ಹಾಕಿಸಿಕೊಂಡಿದ್ದ ಹಚ್ಚೆಯನ್ನು ವೈದ್ಯರಿಂದ ಬಿಟ್ಟಿಯಾಗಿ ಅಳಿಸಿಕೊಡುವರು. ಕೆಲಸ ಕೊಡುವವನು ಮೊದಲು ನೋಡುವುದು ಮುಖವನ್ನಲ್ಲವೆ?

"ಎಲ್ಲ ಸರಿ, ನಮ್ಮ ಮನೆಯಿಂದ ಏನಾದರೂ ಹೋದರೆ ಹೊಣೆ ಯಾರು?" ಎಂದು ವಾಚಕರು ಕೇಳುವರು. ನನ್ನ ಮನಸ್ಸಿನಲ್ಲಿಯೂ ಅಂದು ಇದ್ದುದು ಅದೇ. ಇದು ಕ್ಷುದ್ರ ಪ್ರಶ್ನೆಯಲ್ಲ; ಮನೆಯಲ್ಲಿ ವಯಸ್ಸಾದ ತಾಯಿ, ಶಾಲೆಗೆ ಹೋಗುವ ಮಕ್ಕಳು ಇರುವವರು ಕೇಳಬೇಕಾದದ್ದೇ. ಇದಕ್ಕೆ ಆ ದೇಶದವರು 1966ರಷ್ಟು ಹಿಂದೆಯೇ ಒಂದು ಉಪಾಯ ಮಾಡಿದರು. ಸೆರೆಮನೆಯಿಂದ ಬಂದವನನ್ನು ಕೆಲಸಕ್ಕಿಟ್ಟುಕೊಂಡ ಯಜಮಾನನಿಗೆ, ಮೊದಲ ಆರು ತಿಂಗಳು, ಆ ಕೆಲಸಗಾರನ ಕಳ್ಳತನದಿಂದ ಆದ ನಷ್ಟವನ್ನು 5000 ಡಾಲರುಗಳವರೆಗೆ ತುಂಬಿಕೊಡುವ ಜಾಮೀನುಪತ್ರವನ್ನು ಸರಕಾರದ ಮೂಲಕ ಬಿಟ್ಟಿಯಾಗಿ ಒದಗಿಸುವರು. ಯಜಮಾನನು ಒಂದು ಕಾಸೂ ಕಟ್ಟಬೇಕಾಗಿಲ್ಲ. ಭಯವನ್ನು ಉಪದೇಶದಿಂದ ಓಡಿಸಲು ಹೋಗದೆ, ಅದಕ್ಕೊಂದು ಬೆಲೆ ಕಟ್ಟಿ, ಆ ಬೆಲೆಯನ್ನು ಸಮಾಜವೇ ಹೊತ್ತುಕೊಂಡ ಈ ಕ್ರಮವು ನನಗೆ ಬಹಳ ಬುದ್ಧಿವಂತಿಕೆಯದಾಗಿ ಕಾಣುವುದು. ನಮ್ಮ ವಿಮಾ ಕಂಪೆನಿಗಳವರೂ ಸಹಕಾರ ಸಂಘದವರೂ ಇದನ್ನು ಏಕೆ ಯೋಚಿಸಬಾರದು?

ಈಗ ನಮ್ಮ ದೇಶಕ್ಕೆ ಹಿಂದಿರುಗೋಣ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1990ರಲ್ಲಿ 'ಪ್ರಯಾಸ್' ಎಂಬ ಕಾರ್ಯವನ್ನು ಆರಂಭಿಸಿದರು. ಅವರ ಸಮಾಜಸೇವಕರು ಬಂದಿಯು ಒಳಗಿರುವಾಗಲೇ ಅವನ ಗುರುತು ಮಾಡಿಕೊಳ್ಳುವರು. ಮನೆಗೆ ಸುದ್ದಿ ಮುಟ್ಟಿಸುವರು, ವಕೀಲರನ್ನು ಒದಗಿಸುವರು. ಹೊರಗೆ ಬಂದಮೇಲೆ ತಂಗಲು ಎಡೆ, ಗುರುತಿನ ಕಾಗದಪತ್ರ, ಕಸುಬಿನ ತರಬೇತಿ, ಸಣ್ಣ ವ್ಯಾಪಾರಕ್ಕೆ ನೆರವು, ಹೀಗೆ ಒಂದೊಂದಾಗಿ ಕೈಹಿಡಿದು ನಡೆಸುವರು. ಬೇರೆ ಸೇವಾಸಂಸ್ಥೆಗಳಲ್ಲಿ ಅಂಥವರನ್ನು ಭತ್ಯೆಯಮೇಲೆ ಕೆಲಸಕ್ಕೆ ಕೂಡಿಸಿ, ದಿನನಿತ್ಯದ ದುಡಿಮೆಯ ಅಭ್ಯಾಸವನ್ನು ಮಾಡಿಸುವ ಏರ್ಪಾಡೂ ಅವರಲ್ಲಿದೆ. ಹೆಂಗಸರ ವಿಷಯದಲ್ಲಿ ಅವರ ಸೇವೆ ವಿಶೇಷ. ನ್ಯೂಯಾರ್ಕಿನವರು ಅಂಕಿಗಳಿಂದ ಕಂಡುಕೊಂಡ 'ಬೇಗನೆ' ಎಂಬ ಸೂತ್ರವನ್ನು ಇವರು ಅನುಭವದಿಂದಲೇ ಕಂಡುಕೊಂಡರೆಂದು ಹೇಳಬೇಕು. ಕಿರಣ್ ಬೇಡಿಯವರು ತಮಗೆ ಬಂದ ಮ್ಯಾಗ್ಸೇಸೆ ಪ್ರಶಸ್ತಿಯ ಹಿನ್ನೆಲೆಯಲ್ಲಿ 1994ರಲ್ಲಿ ಸ್ಥಾಪಿಸಿದ ಇಂಡಿಯಾ ವಿಷನ್ ಫೌಂಡೇಶನ್ ಕೂಡ ಬಂದಿಗಳ ಮತ್ತು ಅವರ ಮಕ್ಕಳ ವಿಷಯದಲ್ಲಿ ಕೆಲಸ ಮಾಡುತ್ತಿದೆ.

ಗೃಹಸ್ಥರು ನಂಬಿದರೆ ಏನಾಗಬಹುದೆಂಬುದಕ್ಕೆ ರಾಜಸ್ಥಾನದ ಸಾಂಗಾನೇರ್ ಒಳ್ಳೆಯ ನಿದರ್ಶನ. ಜಯಪುರದ ಬಳಿಯಿರುವ ಆ ಬಯಲು ಸೆರೆಮನೆಯು 1963ರಲ್ಲಿ ಆರಂಭವಾಯಿತು. ಅಲ್ಲಿ ಶಿಕ್ಷೆಯ ಒಂದು ಭಾಗವನ್ನು ಒಳ್ಳೆಯ ನಡತೆಯಿಂದ ಕಳೆದವರು ಹೆಂಡತಿ ಮಕ್ಕಳೊಡನೆ ವಾಸಿಸುವರು. ಬೆಳಗ್ಗೆ ಊರೊಳಕ್ಕೆ ಹೋಗಿ ಕಾವಲುಗಾರಿಕೆ, ಕೂಲಿ, ಅಂಗಡಿಯ ಕೆಲಸ ಮಾಡಿ ತಮ್ಮ ಅನ್ನವನ್ನು ತಾವೇ ಸಂಪಾದಿಸುವರು. ಸಂಜೆ ಹಾಜರಿಗೆ ಹಿಂದಿರುಗುವರು. ಅವರಲ್ಲಿ ಕೊಲೆಯ ಅಪರಾಧಕ್ಕೆ ಶಿಕ್ಷೆಗೊಳಗಾದವರೇ ಬಹಳ. ಅದನ್ನು ತಿಳಿದೇ ಅಲ್ಲಿಯ ಜನ ಕೆಲಸ ಕೊಡುತ್ತಿದ್ದಾರೆ. ನಮ್ಮ ರಾಜ್ಯದಲ್ಲಿಯೂ ದೇವನಹಳ್ಳಿಯ ಕಡೆ ಕೋರಮಂಗಲ ಎಂಬ ಹಳ್ಳಿಯಲ್ಲಿ ಬಯಲು ಸೆರೆಮನೆಯೊಂದಿದೆ (ಬೆಂಗಳೂರಿನೊಳಗಿನ ಕೋರಮಂಗಲ ಬೇರೆ). ಅದರ ಹೆಸರನ್ನಾದರೂ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಪುಟವನ್ನು ಓದುವವರಲ್ಲಿ ಯಾರ ಮನೆಗಾದರೂ ಇಂಥ ಒಬ್ಬರು ಹಿಂದಿರುಗುವವರಿರಬಹುದು. ಅಂಥ ವಿಷಯವನ್ನು ನೆರೆಯವರೊಡನೆ ಮಾತನಾಡಲಾಗದು. ಆದುದರಿಂದ ಇಲ್ಲಿ ಕೆಲವು ಮಾತು. ಬಿಡುಗಡೆಗೆ ಮುಂಚಿತವಾಗಿಯೇ ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಶಾಲೆಯ ಪತ್ರಗಳು ಎಲ್ಲಿವೆಯೆಂದು ಹುಡುಕಿ ಒಂದು ಕಡೆ ಇರಿಸಿರಿ. ಒಳಗೆ ದುಡಿದ ಕೂಲಿಯ ಬಾಕಿಯೆಷ್ಟು, ಕಲಿತ ಕಸುಬಿಗೆ ಪತ್ರ ದೊರೆಯುವುದೇ ಎಂದು ಸೆರೆಮನೆಯ ಅಧಿಕಾರಿಗಳನ್ನು ಬಿಡುಗಡೆಯ ಮೊದಲೇ ಕೇಳಿರಿ. ಆಮೇಲೆ ಕೇಳಲು ಮತ್ತೆ ಆ ಬಾಗಿಲಿಗೆ ಹೋಗುವ ಮನಸ್ಸು ಯಾರಿಗೂ ಬಾರದು. ಓದುವ ಆಸೆಯಿದ್ದರೆ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಹಲವು ಸೆರೆಮನೆಗಳಲ್ಲಿ ಕೇಂದ್ರಗಳನ್ನು ತೆರೆದಿದೆ. ಅದರ ಪತ್ರದಮೇಲೆ ವಿಶ್ವವಿದ್ಯಾಲಯದ ಮುದ್ರೆಯಿರುವುದೇ ಹೊರತು ಸೆರೆಮನೆಯದಲ್ಲ. ಕೆಲಸ ಕೇಳುವಾಗ ಇದು ಸಣ್ಣ ಉಪಕಾರವಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಬಂಧನದಲ್ಲಿರುವವರಿಗೂ, ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಬಡವರಿಗೂ ಬಿಟ್ಟಿಯಾಗಿ ವಕೀಲರನ್ನು ಒದಗಿಸುವುದು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ದಾರಿ ತೋರಿಸುವರು.

ಹಿಂದಿನದನ್ನು ಹೇಳಬೇಕೆ, ಮುಚ್ಚಿಡಬೇಕೆ ಎಂಬುದು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಅಪರಾಧಿಯೆಂದು ಕಂಡುಬಂದರೂ ಸೆರೆಮನೆಗೆ ಕಳುಹಿಸದೆ ಎಚ್ಚರಿಕೆ ಹೇಳಿಯೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಲ್ಪಟ್ಟವರಿಗೆ, 1958ರ ಪರಿವೀಕ್ಷಣಾ ಕಾನೂನಿನ 12ನೆಯ ಪ್ರಕರಣವು ಆ ಶಿಕ್ಷೆಯಿಂದ ಬರಬಹುದಾದ ಅನರ್ಹತೆಯನ್ನು ತೊಡೆದುಹಾಕುವುದು. ಸೆರೆಮನೆಯಲ್ಲಿ ಶಿಕ್ಷೆಯನ್ನು ಅನುಭವಿಸಿದವರಿಗೆ ಈ ರಕ್ಷೆಯಿಲ್ಲ. ಅರ್ಜಿಯಲ್ಲಿ ಕೇಳಿದ ವಿವರವನ್ನು ಸತ್ಯವಾಗಿ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ತಾರುಣ್ಯದಲ್ಲಿ ನಡೆದ ಕ್ಷುಲ್ಲಕ ಅಪರಾಧವನ್ನು ಮುಚ್ಚಿಟ್ಟಿದ್ದರೆ ಯಜಮಾನನು ಅದನ್ನು ಮನ್ನಿಸಬಹುದೆಂದು ಹೇಳಿತು. ಆದರೆ ಸತ್ಯ ಹೇಳಿದವನಿಗೂ ಕೆಲಸ ಕೊಡಲೇಬೇಕೆಂಬ ಬಲವಂತವಿಲ್ಲವೆಂದೂ ಹೇಳಿತು. ಎಂದರೆ ಕಾನೂನು ಸತ್ಯವನ್ನು ಕೇಳುವುದು. ಸತ್ಯ ಹೇಳಿದವನ ಹೊಟ್ಟೆಗೆ ಮಾತ್ರ ಹೊಣೆಯಾಗದು. ಆ ಹೊಣೆ ಬಂದು ನಿಲ್ಲುವುದು ಕೆಲಸ ಕೊಡುವವರ ಮನಸ್ಸಿನ ಮೇಲೆ. ಮತ್ತು ಬಡಗಿ, ಗಾರೆಯವನು, ಬಣ್ಣ ಹೊಡೆಯುವವನು, ಅಡಿಗೆಯವಳು, ಇವರೆಲ್ಲರ ಯಜಮಾನರು ದೊಡ್ಡ ಕಂಪೆನಿಗಳಲ್ಲ, ನಾವೇ.

ವಿವೇಕವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಮಕ್ಕಳ ವಿಷಯದಲ್ಲಿ ಕ್ರೂರ ಅಪರಾಧ ಮಾಡಿದವನನ್ನು ಮಕ್ಕಳಿರುವ ಕಡೆ ಇರಿಸಬಾರದು. ಹಣದ ಮೋಸ ಮಾಡಿದವನ ಕೈಗೆ ಮೊದಲ ದಿನವೇ ಲೆಕ್ಕದ ಪುಸ್ತಕ ಕೊಡಬೇಕಾಗಿಲ್ಲ. ಯಾವ ತಪ್ಪು, ಎಷ್ಟು ವರ್ಷಗಳ ಹಿಂದಿನದು, ಈಗ ಕೊಡುವ ಕೆಲಸಕ್ಕೂ ಅದಕ್ಕೂ ಸಂಬಂಧವೇನು ಎಂಬಷ್ಟನ್ನು ಮುಖಾಮುಖಿ ಕೇಳುವುದು ಅವಮಾನವಲ್ಲ. ಕೇಳದೆ ಬಾಗಿಲು ಹಾಕುವುದೇ ಅವಮಾನ. ಹೊರಗಿನ ಕೆಲಸದಿಂದ ಆರಂಭಿಸಬಹುದು. ಕೂಲಿಯನ್ನು ಅಂದಂದೇ ಕೊಡಬಹುದು. ಕೆಲಸ ಮುಗಿದಮೇಲೆ, "ಇಂಥವರು ನಮ್ಮ ಮನೆಯಲ್ಲಿ ಇಷ್ಟು ದಿನ ಒಪ್ಪವಾಗಿ ಕೆಲಸ ಮಾಡಿದರು" ಎಂದು ಎರಡು ಸಾಲು ಬರೆದು ರುಜು ಹಾಕಿಕೊಡಬಹುದು. ನ್ಯೂಯಾರ್ಕಿನ ಆ ಮೇಸ್ತ್ರಿಯು ಕೊಡುವುದೂ ಹೆಚ್ಚುಕಡಮೆ ಇಷ್ಟನ್ನೇ.

ಇದನ್ನು ಇಲ್ಲಿಯವರೆಗೆ ಬರೆದು, ನಿನ್ನೆ ಸಂಜೆ ಮರದ ಅಂಗಡಿಗೆ ಹೋದೆನು. ಆ ಬಡಗಿಯು ಅಲ್ಲಿಗೆ ಬಂದು ಹದಿನೈದು ದಿನಗಳಾದುವಂತೆ. ಅಂಗಡಿಯವರು ದೂರವಾಣಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, "ಹಿಂದಿನ ಸಂಗತಿ ನಿಮಗೆ ಗೊತ್ತೆ, ರಾಯರೆ?" ಎಂದು ಮೆಲ್ಲಗೆ ಕೇಳಿದರು. ಗೊತ್ತು, ಆತನೇ ಹೇಳಿದನೆಂದೆನು.

ಮನೆಗೆ ಬಂದು ಕರೆ ಮಾಡಿದಾಗ, ಯಾವ ಮನೆಯೆಂದು ಗುರುತಿಸಲು ಆತನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಹಿತ್ತಲ ಬಾಗಿಲು, ಕೆಳಗಿನ ಪಟ್ಟಿ" ಎಂದಮೇಲೆ ತಿಳಿಯಿತು. ಬೇರೊಂದು ಕಡೆ ಕೆಲಸ ಹಿಡಿದಿರುವುದಾಗಿಯೂ, ಸೋಮವಾರ ಬಿಡುವಾಗುವುದಾಗಿಯೂ ಹೇಳಿದನು. ಕೂಲಿ ಮಾತ್ರ ಅಂದು ಹೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚು. "ಮಳೆಯಲ್ಲಿ ಇನ್ನಷ್ಟು ಕೊಳೆತಿರುತ್ತದೆ ಸ್ವಾಮಿ, ಚೌಕಟ್ಟನ್ನೂ ನೋಡಬೇಕಾಗುತ್ತದೆ. ಮರ ಮಾತ್ರ ನೀವೇ ತರಿಸಿಡಿ, ಒಣಗಿದ್ದಾಗಿರಲಿ" ಎಂದನು.